ಬೇಡ ಎಂದವರ ಎಣಿಕೆ

ಪ್ರಜ್ಞಾ ಬ್ರಹ್ಮಾವರದವಳು. ಕೋಟೇಶ್ವರದಲ್ಲಿ ಹೆದ್ದಾರಿಯ ಬದಿಗೆ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಒಂಬತ್ತು ಜನರ ಒಂದು ಸಾಫ್ಟ್‌ವೇರ್ ಆಫೀಸು ಇತ್ತು. ನಾಲ್ಕು ವರ್ಷದಿಂದ ಅವಳ ಕೆಲಸ ಅಲ್ಲಿಯೇ. ಹೊಳೆಸಾಲಿನ ರೈತರಿಗಾಗಿ ಒಂದು ಸೇವಾಸಂಸ್ಥೆ ಮಾಡಿಸಿದ ಆ್ಯಪ್ ಅವಳ ಪಾಲಿಗೆ ಬಂದಿತ್ತು.

ಆ್ಯಪಿನ ಉದ್ದೇಶ ಸರಳ. ಬಸ್ರೂರಿನ ಆಚೆ ಈಚೆ ಮಾಘ ಕಳೆದರೆ ಹೊಳೆಯ ನೀರು ನಂಬುವಂಥದ್ದಲ್ಲ. ಇಳಿತದಲ್ಲಿ ಸಿಹಿ, ಸಮುದ್ರ ಉಕ್ಕಿ ಬರುವ ಭರತದಲ್ಲಿ ಉಪ್ಪು. ಗೊತ್ತಿಲ್ಲದೆ ಪಂಪು ಹಾಕಿದರೆ ಗದ್ದೆಗೆ ಉಪ್ಪುನೀರು ಹೋಗುತ್ತದೆ. ಹೊಳೆಯಲ್ಲಿ ಇಟ್ಟ ಯಂತ್ರವೊಂದು ಉಪ್ಪಿನ ಪ್ರಮಾಣವನ್ನು ಅಳೆದು ಫೋನಿನ ಪರದೆಯ ಮೇಲೆ ಅಂಕಿ ತೋರಿಸುತ್ತಿತ್ತು. ಓದು ಬಾರದವರಿಗೆ ಈ ಅಂಕಿಯಿಂದ ಏನು ಪ್ರಯೋಜನ ಎಂದು ಪ್ರಜ್ಞಾಳೇ ಕೇಳಿ, ಸ್ವರದಲ್ಲಿ ಎಚ್ಚರಿಕೆ ಕೊಡುವ ಸೌಲಭ್ಯವನ್ನು ಸೇರಿಸಿದ್ದಳು. ಸ್ವರವೂ ಅವಳದೇ. ಉಪ್ಪು ಏರಿದರೆ ಫೋನು ತಾನಾಗಿ ಹೇಳುತ್ತಿತ್ತು: "ಹೊಳಿ ನೀರ್ ಉಪ್ಪಾಯ್ತ್. ಈಗ ಪಂಪ್ ಹಾಕ್ಬೇಡಿ." ಉಪ್ಪಿಲ್ಲದಿದ್ದರೆ ಸುಮ್ಮನಿರುತ್ತಿತ್ತು.

ಹೊಸ ಸೌಲಭ್ಯವಾದ್ದರಿಂದ ಅದನ್ನು ಒಂದು ಫ್ಲ್ಯಾಗಿನ ಹಿಂದೆ ಇಟ್ಟಿದ್ದರು. ಫ್ಲ್ಯಾಗ್ ಎಂದರೆ ಆಫೀಸಿನಲ್ಲಿ ಕೂತು ಹಾಕುವ, ಆರಿಸುವ ಸ್ವಿಚ್ಚು. ಐವತ್ತೆರಡು ಫೋನುಗಳಿಗೆ ಮಾತ್ರ ಅದನ್ನು ಹಾಕಿದ್ದರು. ಯಾರು ಎಷ್ಟು ಸಲ ಬಳಸಿದರು ಎಂಬ ಲೆಕ್ಕ ಒಂದು ಅನಲಿಟಿಕ್ಸ್ ಸೇವೆಗೆ ಹೋಗಬೇಕು. ಮೂರು ತಿಂಗಳಾದ ಮೇಲೆ ಆ ಲೆಕ್ಕ ನೋಡಿ ಸ್ವರ ಇರಬೇಕೋ ಬೇಡವೋ ಎಂದು ಸಂಸ್ಥೆ ತೀರ್ಮಾನಿಸುತ್ತದೆ. ಲೆಕ್ಕ ಕಳುಹಿಸುವ ವ್ಯವಸ್ಥೆಯನ್ನು ಬರೆದವಳೂ ಪ್ರಜ್ಞಾಳೇ.

ಡಿಸೆಂಬರಿನ ಎರಡು ಭಾನುವಾರ ಅವಳು ಮನೆಮನೆಗೆ ಹೋಗಿ ಆ್ಯಪ್ ಹಾಕಿಕೊಟ್ಟಳು. ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಅಕ್ಕು. ಹೊಳೆದಂಡೆಯ ಗದ್ದೆಯಲ್ಲಿ ನಾದಿನಿ ರತ್ನಳೊಂದಿಗೆ ಹರಿವೆ, ಅಲಸಂಡೆ, ಸೌತೆ ಬೆಳೆದು ಶನಿವಾರ ಕುಂದಾಪುರದ ಸಂತೆಗೆ ಒಯ್ಯುವವಳು. ಮೊದಲೆಲ್ಲ ಬೆಳಿಗ್ಗೆ ಹೊಳೆಗಿಳಿದು ಒಂದು ಬೊಗಸೆ ನೀರು ಬಾಯಿಗೆ ಹಾಕಿ ನೋಡಿ ಪಂಪು ಹಾಕುತ್ತಿದ್ದಳಂತೆ. ಕೊರೊನಾ ಬಂದು ಹೋದ ಮೇಲೆ ರುಚಿ ತಿರುಗಿ ಬಂದಿರಲಿಲ್ಲ. ರತ್ನ ಬೆಳಿಗ್ಗೆ ಆರಕ್ಕೇ ಗೇರುಬೀಜದ ಕಾರ್ಖಾನೆಗೆ ಹೋಗುವವಳು, ನೀರು ನೋಡಲು ಅವಳಿರುತ್ತಿರಲಿಲ್ಲ.

"ನಾಲಿಗಿ ಸತ್ತ್ ಹೋಯ್ತ್ ಹೆಣೆ," ಎಂದಳು ಅಕ್ಕು. "ಮೀನ್ ಸಾರೂ ಒಂದೇ, ಗಂಜಿ ತಿಳಿಯೂ ಒಂದೇ. ಇನ್ ನಿನ್ ಸ್ವರವೇ ನನ್ ನಾಲಿಗಿ."

ಆ್ಯಪಿನ ಮೊದಲ ಪುಟದಲ್ಲಿ ಒಂದು ಪ್ರಶ್ನೆ ಇತ್ತು. ನಿಮ್ಮ ಬಳಕೆಯ ಮಾಹಿತಿಯನ್ನು ಕಳುಹಿಸಬಹುದೇ? ಪ್ರಜ್ಞಾ ಅದನ್ನು ಪ್ರತಿ ಮನೆಯಲ್ಲೂ ಗಟ್ಟಿಯಾಗಿ ಓದಿದಳು.

"ಯಾರಿಗ್ ಕಳ್ಸುದ್?" ರತ್ನ ಕೇಳಿದಳು.

"ಒಂದ್ ಕಂಪನಿಗೆ. ಹೊರದೇಶದ್ದ್."

"ಬ್ಯಾಡ ಅತ್ಗೆ, ಬ್ಯಾಡ. ಫೋನಂಗೆ ಎಂತೆಂತದೋ ಕೇಂತ್ರ್, ಕಡಿಗೆ ಬ್ಯಾಂಕಂಗೆ ಎಂತದೂ ಇರುದಿಲ್ಲೆ."

ಹೆಸರು ಹೋಗುವುದಿಲ್ಲ, ನಂಬರ್ ಹೋಗುವುದಿಲ್ಲ ಎಂದು ಪ್ರಜ್ಞಾ ವಿವರಿಸಿದಳು. ಆದರೆ ಅಕ್ಕು ಬೇಡವೆಂದು ತಲೆಯಾಡಿಸಿದಳು. ಒತ್ತಾಯ ಮಾಡುವುದು ಪ್ರಜ್ಞಾಳಿಗೆ ಸರಿಕಾಣಲಿಲ್ಲ. 'ಬೇಡ' ಎಂಬುದನ್ನು ಒತ್ತಿದಳು. ಐವತ್ತೆರಡರಲ್ಲಿ ನಲವತ್ತೇಳು ಮನೆಯವರು ಬೇಡ ಎಂದರು. ಹೌದು ಎಂದ ಐದು ಜನ ಓದು ಬಲ್ಲವರು.

ಮಾರ್ಚಿನ ಎರಡನೇ ವಾರ ಲೆಕ್ಕ ನೋಡುವ ಮೀಟಿಂಗ್ ನಡೆಯಿತು. ಸಂಸ್ಥೆಯ ಕಡೆಯಿಂದ ಕ್ಷಮಾ ಎಂಬವರು ಬೆಂಗಳೂರಿನಿಂದ ವಿಡಿಯೊ ಕಾಲಿಗೆ ಬಂದಿದ್ದರು. ಪರದೆಯ ಮೇಲೆ ಅನಲಿಟಿಕ್ಸ್ ಸೇವೆಯ ಪುಟ. ಸ್ವರ ಬಳಸಿದ ಫೋನುಗಳು: ಒಂದೂ ಇಲ್ಲ. ಲೆಕ್ಕ ಕಳುಹಿಸುತ್ತಿದ್ದ ಐದು ಫೋನಿನವರೂ ಅಂಕಿ ನೋಡಿಕೊಂಡು ಸ್ವರವನ್ನು ಬಂದ್ ಮಾಡಿಟ್ಟಿದ್ದರು. ಓದಲು ಬರುವವರಿಗೆ ಅದರ ಅಗತ್ಯವಾದರೂ ಏನಿತ್ತು?

"ಮೇಡಂ, ಬಳಸುವವರೆಲ್ಲ ಮಾಹಿತಿ ಕಳುಹಿಸೋದು ಬೇಡ ಅಂದವರು," ಪ್ರಜ್ಞಾ ಹೇಳಿದಳು. "ಅವರು ಈ ಲೆಕ್ಕದಲ್ಲಿ ಬರೋದೇ ಇಲ್ಲ."

"ಇರಬಹುದು ಪ್ರಜ್ಞಾ. ಆದರೆ ನಮಗೆ ಕಾಣದ್ದನ್ನು ನಾನು ವರದಿಯಲ್ಲಿ ಹೇಗೆ ಬರೆಯಲಿ?" ಕ್ಷಮಾ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ತಿಂಗಳ ಕೊನೆಯವರೆಗೆ ಸಮಯ ಇದೆ. ಹದಿನೈದು ಫೋನಿನ ಬಳಕೆಯಾದರೂ ತೋರಿಸಿ. ಇಲ್ಲವಾದರೆ ನಿಯಮದ ಪ್ರಕಾರ ಆಫ್."

ಕಾಲ್ ಮುಗಿದ ಮೇಲೆ ಆಫೀಸಿನ ಯಜಮಾನ ಸುಶಾಂತ್ ಅವಳ ಮೇಜಿನ ಹತ್ತಿರ ಬಂದ.

"ಆ ನಲ್ವತ್ತೇಳ್ ಬ್ಯಾಡ ಇತ್ತಲೆ, ಅದನ್ನ ಇಲ್ಲಿಂದಲೇ ಹೌದ್ ಮಾಡುಕೆ ಆತ್ತಲ್ದಾ?"

"ಆತ್ತ್, ಸುಶಾಂತಣ್ಣ."

"ಮಾಡ್ ಬಿಡ್. ಯಾರಿಗ್ ಗೊತ್ತಾತ್ತ್? ಅವ್ರಿಗೇ ಒಳ್ಳೇದ್ ಅಲ್ದಾ?"

ಪ್ರಜ್ಞಾ ಆ ದಿನ ಮಧ್ಯಾಹ್ನ ಊಟ ಬಿಟ್ಟು ಅದನ್ನೇ ಯೋಚಿಸಿದಳು. ನಾಲ್ಕು ಸಾಲು ಕೋಡಿನ ಕೆಲಸ. ಬರೆದೂ ಬಿಟ್ಟಳು. ರತ್ನ ಬಾಗಿಲಲ್ಲಿ ನಿಂತು "ಬ್ಯಾಡ ಅತ್ಗೆ" ಎಂದದ್ದು ಕಿವಿಯಲ್ಲೇ ಇತ್ತು. ಅಳಿಸಿದಳು.

ಬದಲಿಗೆ ರಜೆ ಹಾಕಿ ಮತ್ತೆ ಮನೆಗಳ ಬಾಗಿಲಿಗೆ ಹೋದಳು. ಐದು ದಿನ ನಡೆದಳು. ಮೊದಲು ಕುಡಿಯಲು ಆಸರಿಗೆ ಕೊಟ್ಟು ಕೂರಿಸಿದವರೇ ಈಗ ಅನುಮಾನದಿಂದ ನೋಡಿದರು. "ಆವತ್ ಬ್ಯಾಡ ಅಂದ್ರೂ ಆತ್ತ್ ಅಂದೆ, ಈಗ ಬೇಕ್ ಅಂತೆ. ಎಂತದ್ ಇದ್ ನಿಂದ್?" ಎಂದು ಮಂಜಯ್ಯ ಎಂಬ ಹಿರಿಯರು ಜಗಲಿಯಿಂದ ಏಳಲೇ ಇಲ್ಲ. ಒಬ್ಬಳು ಆ್ಯಪನ್ನೇ ತೆಗೆದುಹಾಕಲು ಹೇಳಿದಳು. ಅಕ್ಕುವಿನ ಮನೆಗೆ ಬೀಗ. ಮಗಳ ಬಾಣಂತನಕ್ಕೆ ಬೈಂದೂರಿಗೆ ಹೋಗಿದ್ದಾಳೆ, ತಿಂಗಳ ಕೊನೆಗೆ ಬರುತ್ತಾಳೆ ಎಂದರು ನೆರೆಯವರು. ರತ್ನ ಕಾರ್ಖಾನೆಯಲ್ಲಿದ್ದಳು.

ಒಂಬತ್ತು ಜನ ಒಪ್ಪಿದರು. ಅವರಲ್ಲಿ ಸ್ವರ ಬಳಸಿದ್ದೆಂದು ಕೊನೆಯ ದಿನ ಪುಟದಲ್ಲಿ ಕಂಡದ್ದು ಆರೇ ಫೋನು, ಬೇಕಿದ್ದದ್ದು ಹದಿನೈದು. ಕ್ಷಮಾ ಅವರು ಪ್ರಯತ್ನಕ್ಕೆ ಧನ್ಯವಾದ ಎಂದು ಬರೆದರು. ಸ್ವಿಚ್ಚು ಆರಿಸುವ ಅಧಿಕಾರ ಇದ್ದವಳು ಪ್ರಜ್ಞಾ ಒಬ್ಬಳೇ. ಮಧ್ಯಾಹ್ನ ಮೂರು ಗಂಟೆಗೆ ಅವಳೇ ಆರಿಸಿದಳು.

ಸ್ವರದ ಸೇವೆ ನಿಲ್ಲಿಸಲಾಗಿದೆ ಎಂದು ಎಲ್ಲ ಫೋನಿಗೂ ಒಂದು ಸಂದೇಶ ಹೋಯಿತು. ಬರಹದಲ್ಲಿ. ಅದು ಯಾರಿಗೆ ತಲುಪುವುದಿಲ್ಲ ಎಂಬುದು ಪ್ರಜ್ಞಾಳಿಗೆ ಗೊತ್ತಿತ್ತು. ಆಫೀಸಿನ ಫೋನಿನಿಂದ ಒಬ್ಬೊಬ್ಬರಿಗೇ ಕರೆ ಮಾಡಿದಳು. ಮೂವತ್ತು ಜನಕ್ಕೆ ಹೇಳಿ ಆಯಿತು. ಅಕ್ಕುವಿಗೆ ಎರಡು ದಿನದಲ್ಲಿ ಹನ್ನೊಂದು ಸಲ ಮಾಡಿದಳು. ಗುರುತಿಲ್ಲದ ನಂಬರ್ ಬಂದರೆ ಅಕ್ಕು ಎತ್ತುತ್ತಿರಲಿಲ್ಲ. ತನ್ನ ಸ್ವಂತ ಫೋನಿನಿಂದಲೂ ಮಾಡಿದಳು, ಅದೂ ಗುರುತಿಲ್ಲದ್ದೇ. ಭಾನುವಾರ ಖುದ್ದು ಹೋಗಿ ಹೇಳಿದರಾಯಿತು ಎಂದುಕೊಂಡಳು.

ಶುಕ್ರವಾರ ಹುಣ್ಣಿಮೆ. ಹುಣ್ಣಿಮೆಯ ಭರತ ದೊಡ್ಡದು.

ಭಾನುವಾರ ಹತ್ತು ಗಂಟೆಗೆ ಅವಳು ಹೋದಾಗ ಅಕ್ಕು ಗದ್ದೆಯ ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಹರಿವೆ ಬಿಸಿನೀರು ಹೊಯ್ದ ಹಾಗೆ ಮಲಗಿತ್ತು. ಅಲಸಂಡೆಯ ಎಲೆಗಳ ಅಂಚು ಕಂದಿ ಮುರುಟಿದ್ದವು. ಸಾಲಿನಲ್ಲಿ ನೀರು ಆರಿದ ಕಡೆ ಮಣ್ಣಿನ ಮೇಲೆ ತೆಳ್ಳಗೆ ಬಿಳಿ.

"ಬಾ ಮಗಾ," ಎಂದಳು ಅಕ್ಕು. "ಗುರ್ವಾರ ಬಂದೆ ಬೈಂದೂರಿಂದ. ಹತ್ತ್ ದಿನ ನೀರಿಲ್ದೆ ಒಣ್ಗಿತ್ತ್. ಮೂರ್ ದಿನವೂ ಬೆಳಿಗ್ಗೆ ಪಂಪ್ ಹಾಕ್ದೆ. ಫೋನ್ ಸೊಂಟದಂಗೇ ಇತ್ತ್. ನೀ ಎಂತದೂ ಹೇಳ್ಲಿಲ್ಲೆ."

ಪ್ರಜ್ಞಾ ಅವಳ ಪಕ್ಕದಲ್ಲಿ ಕೂತಳು. ಆಮೇಲೆ ಎಲ್ಲವನ್ನೂ ಹೇಳಿದಳು. ಸ್ವಿಚ್ಚು, ಲೆಕ್ಕ, ಬೇಡ ಎಂದು ಒತ್ತಿದ್ದು, ತಾನೇ ಆರಿಸಿದ್ದು. ಅಕ್ಕು ಕೊನೆಯವರೆಗೂ ಕೇಳಿದಳು.

"ನಾ ದಿನಾ ನಿನ್ ಸ್ವರ ಕೇಂತಿದ್ದೆ ಅಲ್ದಾ ಹೆಣೆ? ನಾ ಕೇಂಬುದ್ ಅವ್ರಿಗ್ ಗೊತ್ತಿಲ್ಲೆ?"

"ಇಲ್ಲೆ ಅಮ್ಮ."

"ನಿಂಗ್ ಗೊತ್ತಿತ್ತಲೆ?"

"ನಂಗ್ ಗೊತ್ತಿತ್ತ್."

"ನಿಂಗ್ ಗೊತ್ತಿದ್ರೆ ಸಾಲುದಿಲ್ಯಾ?"

ಅದು ಜಗಳದ ಮಾತಲ್ಲ, ನಿಜವಾಗಿಯೂ ಕೇಳಿದ್ದು. ಅಷ್ಟರಲ್ಲಿ ರತ್ನ ಬಾವಿಯ ಕಡೆಯಿಂದ ಕೊಡಪಾನ ಹಿಡಿದು ಬಂದಳು. ಮುಖ ಗಂಟಿಕ್ಕಿತ್ತು. "ಬಾವಿ ನೀರೂ ಉಪ್ಪುಪ್ಪ್ ಆಯ್ತ್ ಅತ್ಗೆ," ಎಂದವಳು ಪ್ರಜ್ಞಾಳ ಕಡೆ ನೋಡದೆ ಒಳಗೆ ಹೋದಳು.

ಮರುದಿನದಿಂದ ಪ್ರಜ್ಞಾ ಬೆಳಿಗ್ಗೆ ಆರಕ್ಕೆ ಎದ್ದು, ಯಂತ್ರದ ಅಂಕಿ ನೋಡಿ ತಾನೇ ಅಕ್ಕುವಿಗೆ ಫೋನು ಮಾಡತೊಡಗಿದಳು. ಈಗ ಅವಳ ಕರೆಯನ್ನು ಅಕ್ಕು ಎತ್ತುತ್ತಿದ್ದಳು. ಇವತ್ತು ಬೇಡ, ಇವತ್ತು ಎಂಟರ ಮೇಲೆ ಹಾಕಿ. ಸೌತೆಯ ಒಂದು ಸಾಲಾದರೂ ಉಳಿಯಬಹುದು ಎಂದು ಇಬ್ಬರೂ ನಂಬಿದ್ದರು. ಹನ್ನೆರಡನೆಯ ದಿನ ಅಕ್ಕು ಅವಳ ಮಾತನ್ನು ಅರ್ಧಕ್ಕೇ ತಡೆದಳು.

"ಇನ್ ಫೋನ್ ಮಾಡುದ್ ಬ್ಯಾಡ ಮಗಾ. ನೀರ್ ಬಿಡುಕೆ ಗದ್ದೆಂಗೆ ಎಂತದೂ ಇಲ್ಲೆ. ನಾನೂ ರತ್ನನ್ ಒಟ್ಟಿಗೆ ಬೀಜದ್ ಕಾರ್ಖಾನಿಗೆ ಹೋತೆ. ಸೋಮಾರದಿಂದ."

"ಮಳೆಗಾಲದಂಗೆ ಉಪ್ಪ್ ತೊಳ್ದ್ ಹೋತ್ತ್ ಅಮ್ಮ. ಮತ್ತೆ ಬೆಳಿಲಕ್ಕ್."

"ತೊಳ್ದ್ ಹೋತ್ತ್. ಮತ್ತ್ ಮಾಘ ಬತ್ತಿಲ್ಯಾ?" ಎಂದಳು ಅಕ್ಕು. "ಫೋನ್ ಇಡ್ತೆ. ಒಲಿ ಮೇಲೆ ಗಂಜಿ ಇತ್ತ್."

ಮೇ ತಿಂಗಳಲ್ಲಿ ಸಂಸ್ಥೆ ವರ್ಷದ ವರದಿಯನ್ನು ಕಳುಹಿಸಿತು. ಒಳ್ಳೆಯ ಕಾಗದ, ಹೊಳೆಯ ಚಂದದ ಫೋಟೊ. ಸ್ವರದ ಪ್ರಯೋಗದ ಬಗ್ಗೆ ಒಂದೇ ಸಾಲು ಇತ್ತು: ಬಳಕೆದಾರರಿಂದ ಬೇಡಿಕೆ ಕಂಡುಬರಲಿಲ್ಲ. ಸುಶಾಂತ್ ಅದನ್ನು ಅವಳ ಮೇಜಿನ ಮೇಲಿಟ್ಟು ಹೋದ.

ಪ್ರಜ್ಞಾ ಆ ಸಾಲನ್ನು ಎರಡು ಸಲ ಓದಿದಳು. ಸುಳ್ಳೆಂದು ತೋರಿಸಲು ಅದರಲ್ಲಿ ಒಂದು ಶಬ್ದವೂ ಸಿಗಲಿಲ್ಲ. ಹೊಸ ಕೆಲಸವೊಂದು ಬಂದಿತ್ತು, ಬೇರೆ ಯಾವುದೋ ಅಂಗಡಿಯ ಆ್ಯಪು. ಮೊದಲ ಪುಟದಲ್ಲಿ ಬಳಕೆಯ ಮಾಹಿತಿಯ ಪ್ರಶ್ನೆಯನ್ನು ಬರೆಯಬೇಕಿತ್ತು. ಹೌದು, ಬೇಡ ಎಂಬ ಎರಡು ಗುಂಡಿಗಳನ್ನೂ, ಬೇಡವನ್ನು ಚಿಕ್ಕದು ಮಾಡದೆ, ಒಂದೇ ಅಳತೆಯಲ್ಲಿ ಇಟ್ಟು, ಮುಂದಿನ ಪುಟಕ್ಕೆ ಹೋದಳು.