ವಿಭೂತಿ ಹಚ್ಚಿಸಿಕೊಂಡ ಕಣಜಗಳು

"ಹಳ್ಳದ ಆ ಕಡೆ ಒಂದ್ ಎಕರೆ ನಿನಗ ಬಿಡ್ತೀನವ್ವಾ ಸಾಕ್ಷಿ. ಆದ್ರ ಕಬ್ಬಿನ ಸುಳಿ ಒಣಗಿತಂದ್ರ ಮುಂದ ಹೊಲದ ಮಾತ ಎತ್ತಬ್ಯಾಡ," ಎಂದು ಮಾವ ಗುರುಪಾದಪ್ಪನವರು ನನಗೆ ಶರತ್ತು ಹಾಕಿದರು.

ಕೃಷಿ ಓದಿದ್ದೇನೆಂಬ ಜಂಬ ನನಗಿತ್ತು, ಇಲ್ಲವೆನ್ನುವುದಿಲ್ಲ. ಗಂಡ ಆಕಾಶ ಖಾನಾಪುರದಿಂದ ದಿನಾ ಬೆಳಗಾವಿ ಹತ್ತಿರದ ಮಚ್ಛೆಯ ಕಾರ್ಖಾನೆಗೆ ಹೋಗುತ್ತಾನೆ, ಹೊಲವೆಂದರೆ ಅವನಿಗೆ ತಲೆನೋವು. ನನಗೆ ಆ ಹೊಲವೇ ಬೇಕಿತ್ತು. ಒಪ್ಪಿಕೊಂಡೆ.

ಸುಳಿ ಕೊರೆಯುವ ಹುಳುವಿಗೆ ಮಾವ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುತ್ತಿದ್ದರು. ನಾನು ಬೆಳಗಾವಿಯಿಂದ ಕಾರ್ಡು ತಂದೆ. ರಟ್ಟಿನ ಮೇಲೆ ಅಂಟಿಸಿದ ಕರಿ ಮೊಟ್ಟೆಗಳು. ಅವುಗಳಿಂದ ಹೊರಬರುವ ಕಣಜದ ಹುಳ ಕಣ್ಣಿಗೂ ಸರಿಯಾಗಿ ಕಾಣದು, ಆದರೆ ಹುಳುವಿನ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಟ್ಟು ಅದರ ವಂಶವನ್ನೇ ಮುಗಿಸುತ್ತದೆ. ಆಗಲೇ ಕಾಂಡ ಹೊಕ್ಕ ಹುಳುವಿಗೆ ಮಾತ್ರ ಏನೂ ಮಾಡದು. ಈ ಮಾತನ್ನು ನಾನು ಮೆಲ್ಲಗೆ ಹೇಳಿದೆ, ಮಾವ ಜೋರಾಗಿ ನಕ್ಕರು.

ಮರುದಿನ ಮುಂಜಾನೆ ನೋಡಿದರೆ ಕಾರ್ಡುಗಳು ದೇವರ ಜಗಲಿಯ ಮೇಲಿದ್ದವು. ಹೊಸದೇನೇ ಮನೆಗೆ ಬರಲಿ, ಟ್ರ್ಯಾಕ್ಟರ್ ಆಗಲಿ ಮಿಕ್ಸರ್ ಆಗಲಿ, ಅತ್ತೆ ಶಿವಲಿಂಗವ್ವ ವಿಭೂತಿ ಹಚ್ಚಿ ಲೋಬಾನ ಹಾಕದೆ ಬಿಡುವವರಲ್ಲ. ಮೊಟ್ಟೆಗಳ ಮೇಲೆ ಮೂರು ಬೆರಳ ವಿಭೂತಿ, ಸುತ್ತ ದಟ್ಟ ಹೊಗೆ. ಹೊರಬರುತ್ತಿದ್ದ ಕಣಜಗಳು ಅಲ್ಲೇ ಸತ್ತಿದ್ದವು.

"ಜೀವ ಅದಾವ ಅಂದಿದ್ದಿ. ಚೊಲೊ ಆಗ್ಲಿ ಅಂತ ಮಾಡಿದೆ ಯವ್ವಾ," ಎಂದರು ಅತ್ತೆ.

ಸಿಟ್ಟು ನೆತ್ತಿಗೇರಿತ್ತು. ಅವರ ಸಣ್ಣಗಾದ ಮುಖ ನೋಡಿ ಹಲ್ಲು ಕಚ್ಚಿಕೊಂಡು ಮತ್ತೆ ಬೆಳಗಾವಿ ಬಸ್ಸು ಹತ್ತಿದೆ. ಈ ಸಲ ಹೊಗೆಯಿಲ್ಲದೆ ಬರಿ ಕೈ ಮುಗಿದು, ಕಾರ್ಡುಗಳನ್ನು ಎಲೆಯಡಿ ಕಟ್ಟಲು ಅತ್ತೆಯೇ ಸೆರಗು ಸಿಕ್ಕಿಸಿ ಹೊಲಕ್ಕೆ ಬಂದರು.

ಮೊದಲ ವಾರ ಅಲ್ಲಲ್ಲಿ ಸುಳಿ ಒಣಗಿತು. ನನ್ನ ಎದೆಯೂ ಒಣಗಿತು. ಒಣಗಿದವನ್ನೆಲ್ಲ ಕೈಯಿಂದಲೇ ಕಿತ್ತು ಸುಟ್ಟೆ. ಹತ್ತು ದಿನಕ್ಕೆ ಮತ್ತೆ ಕಾರ್ಡು ಕಟ್ಟಿದೆವು. ಅಷ್ಟರಲ್ಲಿ ಬಾಜೂ ಹೊಲದ ರಾಮಲಿಂಗ ಪಂಪು ಬೆನ್ನಿಗೇರಿಸಿ ಬಂದ. ಅವನ ಎಣ್ಣೆ ಗಾಳಿಗೆ ಈಚೆ ಹಾರಿದರೆ ನನ್ನ ಕಣಜಗಳ ಕತೆ ಮುಗಿದಂತೆಯೇ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಬದುವಿನ ಮೇಲೆ ನಿಂತಿದ್ದರು.

"ಏ ರಾಮಲಿಂಗ, ಪೂಜಾ ಮಾಡಿದ ಜೀವ ಅದಾವ ಇಲ್ಲಿ. ಹದಿನೈದ ದಿನ ತಡಿ. ಹೊಡದ್ಯಂದ್ರ ನಿನ್ನ ಪಾಪ ನಿನಗ!"

ಓದಿದವಳ ಮಾತಿಗೆ ಬಗ್ಗುತ್ತಿರಲಿಲ್ಲವೇನೋ, ಈ ಮಾತಿಗೆ ಪಂಪು ಇಳಿಸಿದ.

ತಿಂಗಳೆರಡು ಕಳೆದ ಮೇಲೆ ಮಾವ ಒಬ್ಬರೇ ಹಳ್ಳ ದಾಟಿ ಬಂದು ಸಾಲು ಸಾಲು ನೋಡಿದರು. ಎಣ್ಣೆ ಹೊಡೆದ ಅವರ ಹೊಲದಲ್ಲಿ ಹೆಜ್ಜೆಗೊಂದು ಸುಳಿ ಒಣಗಿತ್ತು. ನನ್ನದರಲ್ಲಿ ಹುಡುಕಬೇಕಿತ್ತು. ಅವರು ಹಾಗೇ ಹಳ್ಳ ದಾಟಿ ಮನೆಗೆ ನಡೆದರು. ಒಂದು ಮಾತು ಆಡಬಾರದಿತ್ತೇ ಎಂದು ನನಗೆ ಅಳು ಬಂತು.

ಮರುದಿನ ಆಳುಗಳು ಅಂಗಳಕ್ಕೆ ಬಂದು ಕೇಳಿದರು. "ಯಜಮಾನ್ರ, ಕಬ್ಬಿನ ಬುಡಕ್ಕ ಮಣ್ಣ ಏರಸೂದು ಯಾವಾಗ್ರಿ?"

ಮಾವ ತಲೆಯೆತ್ತದೆ ಹೇಳಿದರು. "ನನಗ್ಯಾಕ ಕೇಳ್ತೀರಿ? ಹೊಲದಾಕಿ ಒಳಗ ಅದಾಳ. ಎಲ್ಲಾ ಹೊಲದ್ದೂ ಅಕೀನ್ನ ಕೇಳ್ರಿ."

ನಾನು ಹೊರಗೆ ಬಂದು, "ನಾಳಿ ಮುಂಜಾನಿ ಏಳಕ್ಕ ಬರ್ರಿ," ಎಂದೆ. ಮದುವೆಯ ದಿನವೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.