ಸಕ್ಕರೆ ತಾತನ ಪಕ್ಕದ ಮಂಚ

ಪ್ರೇಮಿಗಳ ದಿನವನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ ಗೊತ್ತಿಲ್ಲ. ಕೈಗೆ ಸಿಕ್ಕರೆ ಅವನನ್ನು ನಮ್ಮ ವೃದ್ಧಾಶ್ರಮದ ಊಟದ ಹಾಲ್‌ನಲ್ಲಿ ಕೂರಿಸಿ ಒಂದು ತಟ್ಟೆ ಗುಲಾಬಿ ಮೊಟ್ಟೆ ತಿನ್ನಿಸಬೇಕೆಂದು ನನಗಿದೆ. ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿದು, ಬಿಸಿಯಿರುವಾಗಲೇ ಮಡಿಚಿದ ರಟ್ಟಿನ ನಡುವೆ ಇಟ್ಟು, ಮೇಲೊಂದು ಕಡ್ಡಿಯಿಟ್ಟು ರಬ್ಬರ್ ಬ್ಯಾಂಡ್ ಬಿಗಿದರೆ ಮೊಟ್ಟೆ ಹೃದಯದ ಆಕಾರಕ್ಕೆ ಬರುತ್ತದಂತೆ. ಆಮೇಲೆ ಬೀಟ್‌ರೂಟ್ ಬೇಯಿಸಿದ ನೀರಿನಲ್ಲಿ ಅದ್ದಿ ತೆಗೆದರೆ ಮುಗಿಯಿತು, ಪ್ರೀತಿಯ ತಿಂಡಿ ಸಿದ್ಧ. ಅಂಥ ಮೊಟ್ಟೆಗಳು ಬೆಳಗ್ಗೆಯಿಂದ ಮೇಜಿನ ಮೇಲೆ ಸಾಲಾಗಿ ಬೆವರುತ್ತ ಕೂತಿದ್ದವು. ಆಪರೇಷನ್ ಮಾಡಿ ಹೊರಗೆ ತೆಗೆದಿಟ್ಟ ಹಾಗಿದ್ದವು. ವಾಸನೆ ಬೇರೆ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕೂತಿದ್ದೆ.

ಇದನ್ನೆಲ್ಲ ಹೇಳಿಕೊಡುತ್ತಿದ್ದವಳು ಚಪ್ಪಾಳೆ. ಮುದುಕ ಮುದುಕಿಯರ ಕೈಗೆ ಏನಾದರೊಂದು ಕೆಲಸ ಕೊಟ್ಟು ಖುಷಿಯಾಗಿ ಇಡಲೆಂದು ಆಶ್ರಮದವರು ಗೊತ್ತುಮಾಡಿದ ಹೆಂಗಸು. ಯಾರಾದರೂ ಮಾತ್ರೆ ನುಂಗಿದರೂ ಚಪ್ಪಾಳೆ ತಟ್ಟುತ್ತಾಳೆ, ಕುರ್ಚಿಯಿಂದ ಎದ್ದರೂ ತಟ್ಟುತ್ತಾಳೆ. ಅದಕ್ಕೇ ಆ ಹೆಸರು, ಇಟ್ಟವಳು ನಾನು. ಪಾಯಿಖಾನೆಯ ಕಾಗದ ಮುಗಿದ ಮೇಲೆ ಉಳಿಯುತ್ತದಲ್ಲ ರಟ್ಟಿನ ಕೊಳವೆ, ಅದನ್ನು ಅವಳು ವಾರದಿಂದ ಕೂಡಿಸಿಟ್ಟಿದ್ದಳು. ಕೊಳವೆಯ ಒಂದು ಮಗ್ಗುಲನ್ನು ಒಳಕ್ಕೆ ಒತ್ತಿದರೆ ಹೃದಯ. ಕೆಂಪು ಬಣ್ಣದಲ್ಲಿ ಅದ್ದಿ ಕಾಗದದ ಮೇಲೆ ಒತ್ತಿದರೆ ಪ್ರೀತಿಯ ಕಾರ್ಡು. ಪ್ರೀತಿ ಎಲ್ಲಿಂದ ಎಲ್ಲಿಗೆ ಬಂತು ನೋಡಿ.

ನನ್ನ ಪಕ್ಕದ ಮಂಚದ ರೇಡಿಯೋ ಅಂಥ ಹತ್ತು ಕಾರ್ಡು ಮಾಡಿದಳು. ನಿದ್ದೆಯಲ್ಲೂ ಬಾಯಿ ನಿಲ್ಲಿಸದ ಹೆಂಗಸು ಅವಳು. ಗಂಡ ಸತ್ತು ಯಾವ ಕಾಲವಾಯಿತೋ, ಕಾರ್ಡು ಕಳಿಸುವುದು ಎಲ್ಲಿಗೆ ಎಂದು ಕೇಳಿದರೆ ಇರಲಿ ಬಿಡಿ ಎಂದಳು. ಆಮೇಲೆ ಬಿಸ್ಕತ್ತಿನ ಹಿಟ್ಟು ನಾದಲು ಕೂತಳು. ಒಂದು ಹೃದಯ ತಟ್ಟುವುದು, ಬೆರಳು ನೆಕ್ಕುವುದು, ಇನ್ನೊಂದು ಹೃದಯ ತಟ್ಟುವುದು. ಆ ಬಿಸ್ಕತ್ತನ್ನು ಎಲ್ಲರಿಗೂ ಹಂಚಲಾಯಿತು. ನಾನು ನನ್ನ ಪಾಲನ್ನು ಕಿಟಕಿಯಾಚೆಯ ಕಾಗೆಗೆ ಹಾಕಿದೆ. ಅದೂ ಎರಡು ಸಲ ಕುಕ್ಕಿ ಬಿಟ್ಟು ಹೋಯಿತು.

ಮೊಟ್ಟೆ, ಬಿಸ್ಕತ್ತು ಹೇಗಾದರೂ ಹಾಳಾಗಲಿ. ನನ್ನ ಸಂಕಟ ಬೇರೆಯದೇ ಇತ್ತು. ಆಶ್ರಮದಲ್ಲಿ ಗಂಡ ಹೆಂಡತಿ ಇಬ್ಬರೂ ಇರುವ ಜೋಡಿ ನಮ್ಮದೊಂದೇ. ಪ್ರೇಮಿಗಳ ದಿನದ ಉಡುಗೊರೆಯಾಗಿ ಓಣಿಯ ಕೊನೆಯ ಕೋಣೆಯನ್ನು ನಮಗೆ ಕೊಡುವುದಾಗಿ ಆಶ್ರಮ ನೋಡಿಕೊಳ್ಳುವ ಮೇಡಂ ಹಿಂದಿನ ವಾರವೇ ಸಾರಿದ್ದರು. ಎರಡು ಮಂಚ ಜೋಡಿಸಿ, ಕಿಟಕಿಗೆ ಹೊಸ ಪರದೆ ಹಾಕಿಸಿದ್ದರು. ಪ್ರೇಮಿಗಳ ದಿನದ ರಾತ್ರಿಯಿಂದಲೇ ನಾನು ಆ ಮನುಷ್ಯನ ಪಕ್ಕ ಮಲಗಬೇಕು.

ಆ ಮನುಷ್ಯನನ್ನು ಇಲ್ಲಿ ಎಲ್ಲರೂ ಸಕ್ಕರೆ ತಾತ ಎನ್ನುತ್ತಾರೆ. ಮರೆವಿನ ಕಾಯಿಲೆ ಹತ್ತಿದ ಮೇಲೆ ಅಷ್ಟು ಸಿಹಿಯಾಗಿದ್ದಾನೆ. ಆಯಾ ಕಾಲು ಒರೆಸಿದರೆ ಕೈ ಮುಗಿಯುತ್ತಾನೆ, ತನ್ನ ಬ್ರೆಡ್ಡನ್ನು ಪಕ್ಕದವರಿಗೆ ಮುರಿದು ಕೊಡುತ್ತಾನೆ. ನನ್ನನ್ನು ಕಂಡರೆ ಅಮ್ಮಾ ಎನ್ನುತ್ತಾನೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಅವನು ಮೊದಲಿನಿಂದಲೂ ಹಾಗೇ. ಈಗ ಮನೆ ಎಂಬುದೇ ಇಲ್ಲದ್ದರಿಂದ ಬರೀ ಉಪಕಾರಿ ಉಳಿದಿದ್ದಾನೆ.

ನಾನು ಟೈಲರ್ ಆಗಿದ್ದವಳು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಮನೆ ನಡೆಸಿದೆ. ನನ್ನ ಬಲಗೈಯ ಉಂಗುರದ ಬೆರಳು ನಡುಗೆಣ್ಣಿನಲ್ಲಿ ಹೊರಕ್ಕೆ ತಿರುಗಿದೆ. ಯಾರು ಕೇಳಿದರೂ ಮಿಷನ್ನಿಗೆ ಸಿಕ್ಕಿತು ಎಂದೇ ಹೇಳುತ್ತ ಬಂದಿದ್ದೇನೆ. ನಿಜ ಏನೆಂದರೆ, ಒಂದು ದಿನ ಊಟದಲ್ಲಿ ಉಪ್ಪು ಒಂದು ಚೂರು ಹೆಚ್ಚಾಗಿತ್ತು. ಅಳತೆ ಗೊತ್ತಿಲ್ಲದ ಕೈ ಯಾಕೆ, ಕೊಡು ಇಲ್ಲಿ ಎಂದು ಅವನು ನನ್ನ ಕೈ ಎಳೆದು, ಬಾಗಿಲ ಸಂದಿನಲ್ಲಿಟ್ಟು, ಬಾಗಿಲು ಹಾಕಿದ. ಊರವರ ಮೈಯಳತೆಯನ್ನು ಕಣ್ಣಲ್ಲೇ ಹೇಳುತ್ತಿದ್ದ ನನಗೆ ಅವನು ಅಳತೆ ಕಲಿಸಿದ್ದು ಹೀಗೆ. ಅದೊಂದೇ ಸಲ ಅಂತಲ್ಲ. ಬೆರಳು ಮುರಿದದ್ದು ಒಂದೇ ಸಲ, ಅಷ್ಟೆ.

ಇಲ್ಲಿಗೆ ಬಂದ ಮೇಲೆ ಗಂಡಸರ ಕಡೆ ಅವನು, ಹೆಂಗಸರ ಕಡೆ ನಾನು. ನಡುವೆ ಓಣಿ, ಓಣಿಗೊಂದು ಕಬ್ಬಿಣದ ಬಾಗಿಲು. ಊಟವಾದ ಮೇಲೆ ಆಯಾ ಅದಕ್ಕೆ ಚಿಲಕ ಹಾಕುತ್ತಾಳೆ. ಆ ಚಿಲಕ ಬೀಳುವ ಸದ್ದು ಕಿವಿಗೆ ಬಿದ್ದದ್ದೇ ನನಗೆ ನಿದ್ದೆ. ರೇಡಿಯೋ ಪಕ್ಕದಲ್ಲಿ ಒದರುತ್ತಿದ್ದರೂ ನಿದ್ದೆ. ಮದುವೆಯಾದಾಗಿನಿಂದ ಅಂಥ ನಿದ್ದೆ ಮಾಡಿದವಳಲ್ಲ ನಾನು. ಈಗ ಅದನ್ನು ಗುಲಾಬಿ ರಿಬ್ಬನ್ನು ಕಟ್ಟಿ ಕಸಿದುಕೊಳ್ಳಲು ಹೊರಟಿದ್ದರು.

ತಪ್ಪಿಸಿಕೊಳ್ಳಲು ನೋಡಲಿಲ್ಲವೆಂದಲ್ಲ. ಗೊರಕೆ ಹೊಡೆಯುತ್ತೇನೆ ಎಂದೆ. ತಾತನಿಗೆ ಕಿವಿ ಮಂದ ಎಂದರು ಮೇಡಂ. ಆ ಕೋಣೆಗೆ ಥಂಡಿ ಎಂದೆ, ಹೀಟರ್ ಇಡಿಸಿದರು. ರೇಡಿಯೋಳನ್ನು ಬಿಟ್ಟಿರಲಾರೆ ಎಂದು ಹೇಳುವ ಮಟ್ಟಕ್ಕೂ ಇಳಿದೆ. ಈ ವಯಸ್ಸಿನಲ್ಲಿ ನಾಚಿಕೆ ನೋಡಿ ಎಂದು ನಕ್ಕರು. ನಿಜವನ್ನು ಮಾತ್ರ ಹೇಳಲಿಲ್ಲ. ಹೇಳಿದರೆ ಅದು ಮಗಳ ಕಿವಿಗೆ ಬೀಳುತ್ತದೆ. ಅವಳ ಮುಂದೆ ಅವಳಪ್ಪನ ಬಗ್ಗೆ ಒಂದು ಕೆಟ್ಟ ಮಾತಾಡಬಾರದೆಂದು ನಾನು ಜೀವಮಾನವೆಲ್ಲ ಹಲ್ಲು ಕಚ್ಚಿಕೊಂಡು ಬಂದವಳು. ಬೆರಳು ಮುರಿದಾಗ ಅವಳಿನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗಿ. ಒಳಗಿನ ಕೋಣೆಯಲ್ಲಿ ಮಲಗಿದ್ದಳು. ಈಗ ಅವಳಿಗೇ ತಲೆ ನರೆಯುತ್ತಿದೆ. ಭಾನುವಾರ ಬಂದು ಅಪ್ಪನಿಗೆ ಉಗುರು ತೆಗೆಯುತ್ತಾಳೆ. ಕೋಣೆಯ ಸುದ್ದಿ ಕೇಳಿದಾಗ ಕಣ್ಣಲ್ಲಿ ನೀರು ಹಾಕಿಕೊಂಡಿದ್ದಳು.

ಪ್ರೇಮಿಗಳ ದಿನದ ಮಧ್ಯಾಹ್ನ ಅವಳೂ ಬಂದಳು. ಕೈಯಲ್ಲಿ ಜೋಡಿ ಮಂಚಕ್ಕೆ ಹಾಸುವ ದೊಡ್ಡ ಶೀಟು, ಗುಲಾಬಿ ಬಣ್ಣದ್ದು. ಅದನ್ನು ನೋಡಿದ್ದೇ ನನ್ನ ಬಾಯಿ ಕಹಿಯಾಯಿತು.

ಕೊನೆಯ ಕಾರ್ಯಕ್ರಮ ನಮ್ಮದೇ. ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ನೀರು ಹಾಕಿ ಕಲಸಿದ ಹಿಟ್ಟಿನ ಉಂಡೆಯನ್ನು ಚಪ್ಪಾಳೆ ಮೇಜಿನ ಮೇಲೆ ತಟ್ಟಿ ಅಗಲ ಮಾಡಿದಳು. ಇದರ ಮೇಲೆ ಇಬ್ಬರ ಕೈ ಒತ್ತಿಸಿ, ಒಲೆಯಲ್ಲಿಟ್ಟು ಒಣಗಿಸಿ, ಬಣ್ಣ ಬಳಿದು ಹೊಸ ಕೋಣೆಯ ಬಾಗಿಲಿಗೆ ತೂಗುಹಾಕುವುದಂತೆ. ಉಪ್ಪು ಇರುವುದರಿಂದ ಕೆಡುವುದಿಲ್ಲ, ನೂರು ವರ್ಷ ಇರುತ್ತದೆ ಎಂದು ತಿಳಿಸಿದಳು. ಬಾಗಿಲಿಗೆ ಎಂದಾಗ ನಾನು ಹಿಟ್ಟನ್ನೇ ನೋಡುತ್ತ ಕೂತೆ. ನಾದಿದವಳು ರೇಡಿಯೋ, ಮೂಗು ಒರೆಸಿಕೊಂಡ ಕೈಯಲ್ಲೇ.

ಅವನನ್ನು ತಂದು ನನ್ನ ಪಕ್ಕ ಕೂರಿಸಿದರು. ಪೌಡರಿನ ವಾಸನೆ, ಅದರಡಿಗೆ ಮೂತ್ರದ ವಾಸನೆ. ಗಲ್ಲದ ಮೇಲೆ ಗುಲಾಬಿ ಮೊಟ್ಟೆಯ ಚೂರು. ಚಪ್ಪಾಳೆ ನನ್ನ ಬಲಗೈಯನ್ನು ಹಿಟ್ಟಿನ ಮೇಲೆ ಇರಿಸಿ, ಅದರ ಮೇಲೆ ಅವನ ಕೈ ಇರಿಸಿ, ಒತ್ತು ತಾತ ಎಂದಳು. ಅವನು ಒತ್ತಿದ. ಅಂಗೈ ಬೆವರಿ ಮೆತ್ತಗಾಗಿತ್ತು. ಆ ತೂಕ ಮಾತ್ರ ನನಗೆ ಚೆನ್ನಾಗಿ ಗೊತ್ತಿದ್ದ ತೂಕ. ಹಲ್ಲಿ ಮೈಮೇಲೆ ಬಿದ್ದ ಹಾಗಾಯಿತು. ಮೇಡಂ ಫೋಟೋ ತೆಗೆದರು, ಎಲ್ಲರೂ ಚಪ್ಪಾಳೆ ತಟ್ಟಿದರು.

ಕೈ ತೆಗೆದಾಗ ನನ್ನ ಐದು ಬೆರಳೂ ಹಿಟ್ಟಿನಲ್ಲಿ ಮೂಡಿದ್ದವು. ಚಪ್ಪಾಳೆ ಬಗ್ಗಿ ನೋಡಿದಳು.

“ಅಜ್ಜಿ, ಈ ಬೆರಳು ಸರಿಯಾಗಿ ಬಂದಿಲ್ಲ. ಇನ್ನೊಂದ್ಸಲ ನೇರವಾಗಿ ಇಡಿ.”

ಅದು ಇರುವುದೇ ಹಾಗೆ, ಮಿಷನ್ನಿಗೆ ಸಿಕ್ಕಿದ್ದು ಎಂದು ಹಳೆಯ ಪಾಠ ಒಪ್ಪಿಸುತ್ತಿದ್ದೆ. ಅಷ್ಟರಲ್ಲಿ ಅವನು ಹಿಟ್ಟಿನ ಅಂಚನ್ನು ಮುರಿದು, ತಿಂಡಿಯೆಂದುಕೊಂಡು ಬಾಯಿಗೆ ಹಾಕಿಕೊಂಡಿದ್ದ. ಎರಡು ಸಲ ಅಗಿದ. ಮುಖ ನಿಧಾನವಾಗಿ ಬಿಗಿಯಿತು. ಉಗಿದು, ಅಂಗೈಯಿಂದ ಮೇಜಿಗೆ ಬಡಿದ. ಆಮೇಲೆ ಮಾತಾಡಿದ. ಸಕ್ಕರೆ ತಾತನ ಅಮ್ಮಾ ಎನ್ನುವ ಧ್ವನಿಯಲ್ಲ ಅದು. ಮೆಲ್ಲಗೆ, ಒಂದು ಚೂರೂ ಗಡಿಬಿಡಿಯಿಲ್ಲದ ಹಳೆಯ ಧ್ವನಿ.

“ಏನೇ ಇದು ಉಪ್ಪು? ಅಳತೆ ಗೊತ್ತಿಲ್ವಾ? ಕೊಡು ಇಲ್ಲಿ ಆ ಕೈನ.”

ನಾನು ಯೋಚಿಸುವ ಮೊದಲೇ ನನ್ನ ಕೈ ಬೆನ್ನ ಹಿಂದೆ ಹೋಗಿತ್ತು. ಸುತ್ತಲಿದ್ದವರು ತಾತನಿಗೆ ಸಿಟ್ಟು ಬಂತು ಎಂದು ನಗುತ್ತಿದ್ದರು. ನಾನು ಮಗಳನ್ನು ಹುಡುಕಿದೆ. ನನ್ನ ಕುರ್ಚಿಯ ಹಿಂದೆ ನಿಂತಿದ್ದವಳು ಅಲ್ಲಿರಲಿಲ್ಲ. ಹಾಲ್‌ನ ಬಾಗಿಲ ಹತ್ತಿರ ಇದ್ದಳು. ತೆರೆದ ಬಾಗಿಲನ್ನು ಎರಡೂ ಕೈಯಿಂದ ಗೋಡೆಗೆ ಅದುಮಿ, ಕೆಳಗೆ ಪಾದ ಕೊಟ್ಟು, ಅದು ಮುಚ್ಚಿಕೊಳ್ಳದ ಹಾಗೆ ಹಿಡಿದು ನಿಂತಿದ್ದಳು. ಯಾರೂ ಅವಳಿಗೆ ಹೇಳಿರಲಿಲ್ಲ.

ಬೆರಳು ಮುರಿದ ದಿನ ಒಳಗಿನ ಕೋಣೆಯಲ್ಲಿ ಇವಳು ನಿದ್ದೆ ಮಾಡಿರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು.

ಅವನ ಸಿಟ್ಟು ಬಂದ ಹಾಗೇ ಇಳಿದುಹೋಯಿತು. ನಾಲಿಗೆ ಹೊರಗೆ ಹಾಕಿ, ಅಮ್ಮಾ ನೀರು ಎಂದ. ಚಪ್ಪಾಳೆ ನನ್ನ ಕೈಗೇ ಲೋಟ ಕೊಡಲು ಬಂದಳು. ನಾನು ತೆಗೆದುಕೊಳ್ಳಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು, ನೀನೇ ಕುಡಿಸು ಎಂದೆ. ಮೇಡಂ ಇನ್ನೂ ನಗುತ್ತಲೇ ಇದ್ದರು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಇವತ್ತಿನಿಂದ ಒಂದೇ ಕೋಣೆಯಾದರೆ ಎಲ್ಲ ಸರಿಹೋಗುತ್ತದೆ ಎಂದರು.

“ನಮ್ಮನೇಲಿ ಜಗಳ ಶುರುವಾಗ್ತಿದ್ದಿದ್ದೇ ಉಣ್ಣೋಕೆ ಕೂತಾಗ,” ಎಂದೆ. “ಈ ಬೆರಳು ಮಿಷನ್‌ಗೆ ಸಿಕ್ಕಿದ್ದಲ್ಲ. ಉಪ್ಪು ಜಾಸ್ತಿ ಆಯ್ತು ಅಂತ ಇವನು ಬಾಗಿಲ ಸಂದೀಲಿಟ್ಟು ಮುರಿದಿದ್ದು. ನಾನು ಆ ರೂಮಿಗೆ ಹೋಗಲ್ಲ.”

ಮೇಡಂ ಫೋನನ್ನು ಚೀಲದೊಳಗಿಟ್ಟರು. ಮಗಳು ಬಾಗಿಲು ಬಿಟ್ಟು ಬಂದಳು.

“ನಂಗೊತ್ತಮ್ಮ.”

“ಗೊತ್ತಿದ್ದೂ ಈ ಶೀಟು ತಂದ್ಯಾ?”

ಅವಳು ತಲೆ ತಗ್ಗಿಸಿದಳು. “ಅಪ್ಪ ಎಲ್ಲ ಮರೆತುಬಿಟ್ಟಿದ್ದಾರಲ್ಲ. ನೀನೂ ಯಾವತ್ತೂ ಹೇಳ್ಲಿಲ್ಲ. ನೀನೂ ಮರೆತಿದ್ದೀಯ ಅಂದ್ಕೊಂಡೆ.”

ಮೊಟ್ಟೆ ನೋಡಿ ಬಂದ ವಾಕರಿಕೆ ಏನೂ ಅಲ್ಲ, ನಿಜವಾದ ವಾಕರಿಕೆ ಬಂದದ್ದು ಆಗ. ಮರೆತವನಿಗೆ ಎಲ್ಲ ಮಾಫಿ, ನೆನಪಿಟ್ಟುಕೊಂಡವಳಿಗೆ ಅವನ ಪಕ್ಕದ ಮಂಚ. ಇದು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಲೆಕ್ಕಾಚಾರ. ಬೈಯಬೇಕೆಂದು ಬಾಯಿ ತೆರೆದೆ. ಆದರೆ ಅವಳ ಅಂಗೈಗಳು ಕೆಂಪಗಾಗಿದ್ದವು, ಬಾಗಿಲನ್ನು ಅಷ್ಟು ಬಲವಾಗಿ ಒತ್ತಿ ಹಿಡಿದಿದ್ದಳು. ಬೈಯುವುದನ್ನು ಬಿಟ್ಟೆ. ಹಾಗಂತ ಅಸಹ್ಯ ಹೋಯಿತೆಂದಲ್ಲ.

ಹಿಟ್ಟನ್ನು ಏನು ಮಾಡಲಿ ಎಂದು ಚಪ್ಪಾಳೆ ಸಣ್ಣ ಧ್ವನಿಯಲ್ಲಿ ಕೇಳಿದಳು. ಬೆರಳು ಹೇಗೆ ಬಂದಿದೆಯೋ ಹಾಗೇ ಒಲೆಗಿಡು, ಸರಿಯಾಗಿಯೇ ಬಂದಿದೆ ಎಂದೆ. ಅದನ್ನು ಗಂಡಸರ ಕಡೆ, ಅವನ ತಲೆದಿಂಬಿನ ಮೇಲಿನ ಗೋಡೆಗೆ ಹಾಕಲಿ. ನೂರು ವರ್ಷ ಇರುತ್ತದೆಂದು ಅವಳೇ ಹೇಳಿದ್ದಳಲ್ಲ.

ಆಮೇಲೆ ಮೇಜಿನ ಮೇಲಿನ ಕತ್ತರಿ ತೆಗೆದುಕೊಂಡೆ. ಕಾಗದದ ಹೃದಯ ಕತ್ತರಿಸುವ ಮೊಂಡು ಕತ್ತರಿ, ಅಲಗಿಗೆಲ್ಲ ಅಂಟು ಮೆತ್ತಿತ್ತು. ಅಂಥದ್ದನ್ನು ನನ್ನ ಅಂಗಡಿಯ ಒಳಗೆ ಬರಲೂ ಬಿಡುತ್ತಿರಲಿಲ್ಲ. ಶೀಟಿನ ಒಂದು ತುದಿಯನ್ನು ಮಗಳ ಕೈಗೆ ಕೊಟ್ಟು ಬಿಗಿಯಾಗಿ ಹಿಡಿ ಎಂದೆ. ಅವಳು ಹಿಡಿದಳು. ಅಳತೆಯ ಟೇಪು ಬೇಕಾಗಲಿಲ್ಲ, ನಟ್ಟನಡುವೆ ಕತ್ತರಿಸಿದೆ. ಒಂದು ಅರ್ಧವನ್ನು ಅವನ ಹಳೆಯ ಮಂಚಕ್ಕೆ ಹಾಸಲು ಆಯಾಳಿಗೆ ಕೊಟ್ಟೆ. ಇನ್ನೊಂದನ್ನು ಕಂಕುಳಲ್ಲಿಟ್ಟುಕೊಂಡು ಹೆಂಗಸರ ಕಡೆ ಬಂದೆ. ಬಣ್ಣ ಹೇಸಿಗೆಯದ್ದಾದರೂ ಬಟ್ಟೆ ಒಳ್ಳೆಯದಿತ್ತು.

ಮಗಳು ಹಿಂದೆಯೇ ಬಂದು ನನ್ನ ಮಂಚದ ತುದಿಯಲ್ಲಿ ಕೂತಳು. ನಾನು ಕೈಯಲ್ಲೇ ಅಂಚು ಮಡಿಚಿ ಹೊಲಿಯುತ್ತಿದ್ದೆ, ಅವಳು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ಮಾತಿಗೆ ರೇಡಿಯೋ ಇದ್ದಳು. ಊಟವಾದ ಮೇಲೆ ಓಣಿಯ ಬಾಗಿಲು ಹಾಕಲು ಆಯಾ ಬರುವವರೆಗೆ ಮಗಳು ಕಾಯಲಿಲ್ಲ. ಎದ್ದು ಹೋಗಿ ತಾನೇ ಚಿಲಕ ಹಾಕಿದಳು, ಒಮ್ಮೆ ಎಳೆದು ನೋಡಿದಳು, ಆಮೇಲೆ ಮನೆಗೆ ಹೊರಟಳು.