ಇಪ್ಪತ್ತೊಂಬತ್ತು ಪದರ ಬಣ್ಣ

ನಾನು ಒಂದು ಸೈಡ್ ಡ್ರಮ್. ಮದುವೆಯ ಮೆರವಣಿಗೆಯಲ್ಲಿ ಬ್ಯಾಂಡಿನವರು ಭುಜದ ಪಟ್ಟಿಗೆ ತೂಗುಹಾಕಿಕೊಂಡು ಎರಡು ಕಡ್ಡಿಗಳಿಂದ ಬಾರಿಸುತ್ತಾರಲ್ಲ, ಆ ವಾದ್ಯ. ಬೆಟಗೇರಿಯ ಕಾಳಪ್ಪ ಬಡಿಗೇರ ಎಂಬವನು ನನ್ನನ್ನು ಮಾಡಿದ. ಶಿವಣಿ ಮರದ ಒಂದೇ ಹಲಗೆಯನ್ನು ಬಾಗುವಷ್ಟು ತೆಳ್ಳಗೆ ಕೀಸಿ, ಬಿಸಿ ಹಬೆ ಹಿಡಿಸಿ, ಕಬ್ಬಿಣದ ಅಚ್ಚಿಗೆ ಸುತ್ತಿ ಮೂರು ವಾರ ಹಾಗೇ ಬಿಟ್ಟಿದ್ದ. ಬಿಚ್ಚಿದಾಗ ನಾನು ದುಂಡಗಿದ್ದೆ. ಮೇಲೆ ಕೆಳಗೆ ಆಡಿನ ಚರ್ಮ, ಕೆಳಚರ್ಮಕ್ಕೆ ಅಡ್ಡಲಾಗಿ ಸಣ್ಣ ತಂತಿಗಳು, ಪಕ್ಕೆಯಲ್ಲಿ ಉಸಿರಾಡಲು ಒಂದು ತೂತು. ಮೈಗೆ ಬರೀ ಅರಗಿನ ಪಾಲಿಶ್. ಕಾಳಪ್ಪ ಬೆರಳಿನಿಂದ ಒಮ್ಮೆ ತಟ್ಟಿ, "ಮಾತಾಡ್ತೈತಿ" ಎಂದ. ನಾನು ಕೇಳಿದ ಮೊದಲ ಮಾತು ಅದು.

ನನ್ನನ್ನು ಕೊಂಡವನು ಯಮನಪ್ಪ ಭಜಂತ್ರಿ. ಅವನ ಮನೆತನದಲ್ಲಿ ಶಹನಾಯಿ, ಸಂಬಾಳ ಎಲ್ಲ ಇದ್ದವು. ಬ್ಯಾಂಡಿನ ಡ್ರಮ್ಮು ಬಂದದ್ದು ನನ್ನಿಂದಲೇ. ಅವನು ನನ್ನನ್ನು ದೇವರಂತೆ ನೋಡಿಕೊಂಡ. ತೊಂದರೆ ಆದದ್ದೂ ಅದರಿಂದಲೇ. ಪ್ರತಿ ಖಂಡೇನವಮಿಗೆ ವಾದ್ಯಗಳ ಪೂಜೆ. ಪೂಜೆಗೆ ಮುಂಚೆ ನನಗೊಂದು ಹೊಸ ಬಣ್ಣ. ಹಳೆಯದನ್ನು ಕೆರೆದು ತೆಗೆಯುವ ಪದ್ಧತಿ ಇರಲಿಲ್ಲ, ಪೂಜೆಗೊಂಡ ಬಣ್ಣವನ್ನು ಕೆರೆಯುವುದು ಅಪಚಾರವೆಂದು ಅವನ ನಂಬಿಕೆ. ಹಳದಿಯ ಮೇಲೆ ಹಸಿರು, ಹಸಿರಿನ ಮೇಲೆ ಕೆಂಪು, ಕೆಂಪಿನ ಮೇಲೆ ಮತ್ತೆ ಹಳದಿ. ಒಂದು ವರ್ಷ ಒಳಗೆ ಹುಳು ಬೀಳದಿರಲೆಂದು ಉಳಿದಿದ್ದ ಸಫೇದಾ ಎಂಬ ಬಿಳಿ ಬಣ್ಣವನ್ನು ನನ್ನ ಹೊಟ್ಟೆಯೊಳಕ್ಕೂ ಬಳಿದ.

ಯಮನಪ್ಪ ಹೋದ ಮೇಲೆ ಅವನ ಮಗ ಹುಲಿಗೆಪ್ಪ ಆ ಕಟ್ಟಳೆಯನ್ನು ಮುಂದುವರಿಸಿದ. ಅಷ್ಟರಲ್ಲಿ ನನ್ನ ಮೈಮೇಲೆ ಇಪ್ಪತ್ತೊಂಬತ್ತು ಪದರ ಕೂತಿತ್ತು. ಚರ್ಮ ಕೂರುವ ಅಂಚು ಬಣ್ಣ ಗಡ್ಡೆಗಟ್ಟಿ ಉಬ್ಬುತಗ್ಗಾಗಿತ್ತು. ಉಸಿರಿನ ತೂತು ಮುಚ್ಚಿಹೋಗಿತ್ತು. ಕಂಪಿಸಬೇಕಾದ ಮರದ ಮೇಲೆ ಅಷ್ಟು ಭಾರ ಹೇರಿದರೆ ಅದು ಕಂಪಿಸುವುದಿಲ್ಲ. ಇದಕ್ಕೆ ಯಾವ ಮಂತ್ರವೂ ಬೇಡ, ಶಾಪವೂ ಬೇಡ. ಹುಲಿಗೆಪ್ಪ ಜೋರಾಗಿ ಬಾರಿಸಿದಷ್ಟೂ ನಾನು ಮಂಕಾದೆ.

ಆದರೂ ಅವನ ಕೈ! ಎರಡು ಮಣಿಕಟ್ಟುಗಳು ಮಾತ್ರ ಆಡುತ್ತಿದ್ದವು, ಮೊಣಕೈ ಅಲುಗುತ್ತಿರಲಿಲ್ಲ. ಬಿಡಿಬಿಡಿ ಪೆಟ್ಟುಗಳು ಒಂದರೊಳಗೊಂದು ಕರಗಿ ಎಳೆ ಹಿಡಿದಂತೆ ಉರುಳುತ್ತಿದ್ದವು. ಗದಗ ಸುತ್ತಲಿನ ಬ್ಯಾಂಡುಗಳಲ್ಲಿ ಅಂಥ ಉರುಳು ಬೇರೆ ಯಾರಿಗೂ ಬರುತ್ತಿರಲಿಲ್ಲ.

ಬ್ಯಾಂಡಿನ ಯಜಮಾನ ಸಾಮುವೇಲ ಮಾಸ್ತರ. ಕ್ಲಾರಿಯೊನೆಟ್ ಊದುವವನು, ಕಿವಿ ಬಹಳ ಚುರುಕು. ಬಸವ ಜಯಂತಿ ಮುಗಿದು ಮದುವೆಗಳು ವಿರಳವಾದ ಒಂದು ದಿನ ಅವನು ಮನೆಗೆ ಬಂದು, ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಬಟ್ಟಲು ಕೆಳಗಿಟ್ಟ ಮೇಲೆ ಮಾತು ತೆಗೆದ.

"ಲೇ ಹುಲಿಗ್ಯಾ, ನಿನ್ನ ಕೈಗೆ ನಾ ಏನೂ ಅನ್ನೂದಿಲ್ಲ. ಆದ್ರ ನಿನ್ನ ಡ್ರಮ್ಮು ಹಸಿ ಗ್ವಾಡಿ ಬಡದಂಗ ಕೇಳಸ್ತೈತಿ."

"ಚರ್ಮ ಬದಲಸ್ತೀನಿ, ಮಾಸ್ತರ."

"ಮೂರು ಸಲ ಬದಲಿಸಿದಿ. ಹುಬ್ಬಳ್ಳಿಯಿಂದ ಒಬ್ಬಾವ ಸ್ಟೀಲಿನ ಡ್ರಮ್ ತಗೊಂಡು ಬರತೀನಂತ ನಿಂತಾನ. ತುಳಸಿ ಲಗ್ನದ ತನಕ ನಿನ್ನ ಜಾಗಾ ಹಿಡದಿಟ್ಟಿರತೀನಿ. ಅಷ್ಟರಾಗ ಇದರ ಬಾಯಿ ಬಿಡಸು. ಆಮ್ಯಾಲ ನನ್ನ ಬೈಬ್ಯಾಡ."

ಮುಂದಿನ ಸಾಲಿನ ಬಲತುದಿಯಲ್ಲಿ ಡ್ರಮ್ಮಿನವನು ನಿಲ್ಲುವ ಜಾಗ ಅದು. ಅಲ್ಲಿ ಯಮನಪ್ಪ ನಿಂತಿದ್ದ, ಈಗ ಹುಲಿಗೆಪ್ಪ ನಿಲ್ಲುತ್ತಿದ್ದ. ಆ ಜಾಗ ಹೋದರೆ ಅವನ ಪಾಲಿಗೆ ಬ್ಯಾಂಡೇ ಇಲ್ಲ.

ಹೀಗೆ ಆಷಾಢದಲ್ಲಿ, ಅಪಚಾರವಾದರೂ ಬಣ್ಣ ತೆಗೆಯದೆ ದಾರಿಯಿಲ್ಲವೆಂದು ಅವನು ನನ್ನನ್ನು ಬಿಚ್ಚಿದ. ಅಚ್ಚುಕಟ್ಟಿನ ಮನುಷ್ಯ. ಹತ್ತು ಸ್ಕ್ರೂಗಳನ್ನು ಅನುಕ್ರಮವಾಗಿ ಒಂದು ಹಲಗೆಯ ಮೇಲೆ ಜೋಡಿಸಿದ, ಚರ್ಮ ಬಿಗಿಯುವ ಬಳೆಗಳ ಮೇಲೆ ಗುರುತು ಹಾಕಿದ. ಆಮೇಲೆ ಒಡೆದ ಕಿಟಕಿ ಗಾಜಿನ ಚೂರಿನಿಂದ ಕೆರೆಯಲು ಕುಳಿತ. ಗಾಜು ಹತ್ತದ ಕಡೆ ಬ್ಲೋಲ್ಯಾಂಪಿನ ಉರಿ ಹಿಡಿದ, ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದು ಹೊಗೆಯಾಡಿತು. ಆಮೇಲೆ ಪಾಲಿಶ್ ಪೇಪರಿನಿಂದ ಉಜ್ಜಿದ.

ಪಕ್ಕದ ಮನೆಯ ಮೌನೇಶಪ್ಪ ಬಾಗಿಲಲ್ಲಿ ಇಣುಕಿದ. ನನ್ನನ್ನು ಮಾಡಿದ ಕಾಳಪ್ಪನ ಮಗ ಅವನು, ಈಗ ಬಾಗಿಲು-ಕಿಟಕಿ ಮಾಡುತ್ತಾನೆ.

"ಏನೋ ಹುಲಿಗೆಪ್ಪ, ಹಿಟ್ಟಿನ ಗಿರಣಿ ಇಟ್ಟೀಯೇನು? ಪೇಪರಿಗೆ ನೀರ ಹಚ್ಚಿ ತಿಕ್ಕು, ಧೂಳ ಏಳೂದಿಲ್ಲ."

"ಮೌನೇಶಣ್ಣ, ಬಡಿಗ್ಯಾರ ಹೇಳೂ ಮಾತೇನು ಇದು? ಡ್ರಮ್ಮಿಗೆ ನೀರ ಹಚ್ಚಿದ್ರ ನಮ್ಮಪ್ಪ ಗೋರಿಯೊಳಗಿಂದ ಎದ್ದು ಬಂದು ಒದೀತಾನ."

"ಕಿಟಕಿನರ ತಗಿ ಮಾರಾಯಾ. ನಿನ್ನ ಎದಿ ಏನ್ ತಗಡಿಂದೇನು?"

"ಹೊರಗ ಜಿಟಿಜಿಟಿ ಮಳಿ. ಕಟಗಿಗೆ ಥಂಡಿ ಹತ್ತತೈತಿ."

ಡ್ರಮ್ಮಿಗೆ ನೀರು ತಾಗಬಾರದು. ಬಾರಿಸುವವರ ಮನೆಗಳಲ್ಲಿ ಮಕ್ಕಳು ನಡೆಯುವ ಮೊದಲೇ ಕಲಿಯುವ ನಿಯಮ. ಚರ್ಮದ ಮಟ್ಟಿಗೆ ಅದು ಸರಿಯೇ. ಆದರೆ ಆ ಹೊತ್ತಿಗೆ ನನಗೆ ಚರ್ಮವೇ ಇರಲಿಲ್ಲ. ಬರೀ ಮರ, ಅದರ ಮೇಲೆ ಬಣ್ಣ. ಒಂದು ಒದ್ದೆ ಅರಿವೆ ಸಾಕಾಗಿತ್ತು. ಅವನು ಕಿಟಕಿಗೆ ಗೋಣಿ ಕಟ್ಟಿ, ಫ್ಯಾನು ಆರಿಸಿ, ಒಣ ಬಣ್ಣವನ್ನು ಒಣ ಪೇಪರಿನಿಂದ ಉಜ್ಜುತ್ತ ಹೋದ. ಪುಡಿ ಕೂತಾಗ ಬಾಯಿ ಹತ್ತಿರ ತಂದು "ಉಫ್" ಎಂದು ಊದುತ್ತಿದ್ದ. ಆ ಪುಡಿ ಅವನ ಮೀಸೆಯ ಮೇಲೆ, ರೊಟ್ಟಿಯ ಮೇಲೆ, ತಂಬಾಕು ತಿಕ್ಕುವ ಅಂಗೈಯ ಮೇಲೆ ಕೂರುತ್ತಿತ್ತು.

ಹಳೆಯ ಹಳದಿಯಲ್ಲಿ ಸೀಸ ಇತ್ತು. ಸಫೇದಾದಲ್ಲೂ ಇತ್ತು. ನನ್ನ ಮೈಮೇಲೆ ಗಟ್ಟಿಯಾಗಿ ಕೂತಿದ್ದಾಗ ಅದು ಯಾರಿಗೂ ಏನೂ ಮಾಡಿರಲಿಲ್ಲ. ಮೂವತ್ತು ವರ್ಷ ಎಷ್ಟೋ ಕೈಗಳು ನನ್ನನ್ನು ಎತ್ತಿ ಇಳಿಸಿದ್ದವು. ಅದೇ ಸೀಸ ಪುಡಿಯಾಗಿ ಹೊಗೆಯಾಗಿ ಉಸಿರಿನೊಳಗೆ ಹೋದಾಗ ಅದರ ಲೆಕ್ಕವೇ ಬೇರೆ. ಇದೆಲ್ಲ ನನಗೆ ಆಮೇಲೆ ತಿಳಿಯಿತು.

ಪದರಗಳು ಒಂದೊಂದಾಗಿ ಎದ್ದವು. ಒಂದರಲ್ಲಿ ಅಂಟಿಕೊಂಡು ಸತ್ತ ನೊಣದ ರೆಕ್ಕೆ ಸಿಕ್ಕಿತು. ಇನ್ನೊಂದರಲ್ಲಿ ಗುಲಾಲಿನ ಕಣಗಳು. ಎರಡು ಪದರಗಳ ನಡುವೆ ಕೂದಲೆಳೆಯಷ್ಟು ಮಸಿ ಕಂಡಾಗ ಹುಲಿಗೆಪ್ಪನ ಕೈ ನಿಂತಿತು.

"ಇಲ್ಲಿ ಬಾ" ಎಂದು ಹೆಂಡತಿ ಫಕೀರವ್ವನನ್ನು ಕರೆದ. "ಇದು ಅವ್ವ ಹೋದ ವರ್ಷ. ಆ ವರ್ಷ ಅಪ್ಪ ಬಣ್ಣ ಹಚ್ಚಲಿಲ್ಲ. ಒಲಿ ಮ್ಯಾಲ ತೂಗ ಹಾಕಿದ್ದ."

ಫಕೀರವ್ವ ನೋಡಿದಳು. "ಹೌದು. ಈಗ ಊಟಕ್ಕ ಏಳ್ರಿ. ನಿನ್ನೆನೂ ಉಣ್ಣಲಿಲ್ಲ."

"ಬಾಯಿ ರುಚಿ ಇಲ್ಲ. ತಾಮ್ರದ ಕಾಸು ನಾಲಿಗಿ ಮ್ಯಾಲ ಇಟ್ಟಂಗ ಆಗೇತಿ."

"ಹೊಟ್ಟಿನೂ ನೋಯತೈತಿ ಅಂತೀರಿ, ಮನ್ಯಾಗಿಂದ ಹೊರಗೂ ಬರೂದಿಲ್ಲ. ಇದೇನು ಬಾಣಂತನ?"

ಅವನು ನಕ್ಕ. ಮತ್ತೆ ಗಾಜಿನ ಚೂರು ಕೈಗೆತ್ತಿಕೊಂಡ.

ಅವಳು ದಿನಾ ಕೋಣೆಯ ಕಸ ಗುಡಿಸಿ ಹಿತ್ತಲಿಗೆ ಚೆಲ್ಲುತ್ತಿದ್ದಳು. ಬಣ್ಣದ ಚೂರುಗಳನ್ನು ಕೋಳಿಗಳು ಆರಿಸಿ ತಿಂದವು. ಶ್ರಾವಣದಲ್ಲಿ ನಾಲ್ಕು ಕೋಳಿ ಕುತ್ತಿಗೆ ಇಳಿಬಿಟ್ಟು ಸತ್ತವು. ಕೋಳಿಗೆ ಬೇನೆ ಬಂದಿದೆ ಎಂದು ಓಣಿಯವರೆಲ್ಲ ಅಂದರು. ಹುಲಿಗೆಪ್ಪನ ಹೊಟ್ಟೆನೋವಿಗೆ ಓಣಿಯ ಡಾಕ್ಟರು ಗ್ಯಾಸು ಎಂದು ಗುಳಿಗೆ ಕೊಟ್ಟ.

ನವರಾತ್ರಿಯ ಹೊತ್ತಿಗೆ ನನ್ನ ಹೊರಮೈಯೆಲ್ಲ ಬಯಲಾಯಿತು. ಕಾಳಪ್ಪ ಕೀಸಿದ್ದ ಗೆರೆಗಳು, ಜೇನಿನ ಬಣ್ಣದ ಮರ. ಉಸಿರಿನ ತೂತು ತೆರೆಯಿತು. ಅಂಚು ನೇರವಾಯಿತು. ಒಳಗಿನ ಸಫೇದಾವನ್ನು ಆಮೇಲೆ ನೋಡೋಣ ಎಂದು ಬಿಟ್ಟು, ಹೊಸ ಚರ್ಮ ಬಿಗಿದು, ಅಂಗಳದಲ್ಲಿ ನಿಂತು ಬಾರಿಸಿದ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಒಂದೊಂದು ಪೆಟ್ಟೂ ಒಡೆದ ಕಡಲೆಯಂತೆ ಬಿಡಿಯಾಗಿ, ಗರಿಗರಿಯಾಗಿ ಹೊರಬಿತ್ತು. ಸಾಮುವೇಲ ಮಾಸ್ತರ ಓಣಿಯ ತಿರುವಿನಲ್ಲೇ ಸೈಕಲ್ಲು ನಿಲ್ಲಿಸಿದ.

"ಲೇ ಹುಲಿಗ್ಯಾ! ಹುಬ್ಬಳ್ಳ್ಯಾವಗ ಬರಬ್ಯಾಡ ಅಂತ ಹೇಳಿ ಕಳಸ್ತೀನಿ."

ಫಕೀರವ್ವ ಬಾಗಿಲಲ್ಲಿ ನಿಂತಿದ್ದಳು. "ಮಾಸ್ತರ, ಅವರ ಮಾರಿ ನೋಡ್ರಿ ಒಂದಿಷ್ಟು. ಬೂದಿ ಬಡದಂಗ ಆಗೇತಿ."

"ಲಗ್ನದ ಬುಂದೆ ತಿಂದ್ರ ಕೆಂಪಾಗ್ತಾನ ಬಿಡವಾ" ಎಂದು ಮಾಸ್ತರ ನಕ್ಕ.

ತುಳಸಿ ಲಗ್ನ ಮುಗಿದ ಮೊದಲ ಮದುವೆ ಮುಳಗುಂದ ನಾಕಾದ ಹತ್ತಿರ. ಬೆಳಗಿನ ಹತ್ತರ ಬಿಸಿಲು. ಮದುಮಗ ಕುದುರೆ ಏರಿದ. ಮಾಸ್ತರ ಕಣ್ಣಿನಲ್ಲೇ ಸನ್ನೆ ಮಾಡಿದ, ಹುಲಿಗೆಪ್ಪ ಉರುಳು ಎತ್ತಿದ. ಎಷ್ಟು ಹೊತ್ತು? ಹತ್ತು ಹೆಜ್ಜೆ ನಡೆಯುವಷ್ಟು. ಬಲಗೈಯ ಪೆಟ್ಟು ತಡವಾಗಿ ಬೀಳತೊಡಗಿತು. ಅವನು ಹಲ್ಲು ಕಚ್ಚಿದ. ಕಡ್ಡಿ ನನ್ನ ಚರ್ಮದ ಮೇಲೆ ಸುಮ್ಮನೆ ಒರಗಿತು, ಏಳಲಿಲ್ಲ. ನಾನು ಕೆಳಗಿನಿಂದ ನೋಡಿದೆ. ಅವನ ಮಣಿಕಟ್ಟು ನೀರಿಲ್ಲದ ಸಸಿಯಂತೆ ಕೆಳಕ್ಕೆ ಬಾಗಿತ್ತು. ಬೆರಳುಗಳನ್ನು ಮುಚ್ಚಲು ಬರುತ್ತಿತ್ತು, ಕೈಯನ್ನು ಮೇಲೆತ್ತಲು ಬರುತ್ತಿರಲಿಲ್ಲ. ಕಡ್ಡಿ ಜಾರಿ ರಸ್ತೆಗೆ ಬಿತ್ತು. ಕುದುರೆ ಅದನ್ನು ತುಳಿದು ಮುಂದೆ ಹೋಯಿತು.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬಾಕೆ ಡಾಕ್ಟರು ಅವನ ತುಟಿ ಎತ್ತಿ ಒಸಡು ನೋಡಿದಳಂತೆ. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಎಳೆದ ಹಾಗೆ ನೀಲಿಗಪ್ಪು ಗೆರೆ. "ಬ್ಯಾಟರಿ ಕೆಲಸ ಮಾಡ್ತೀರಾ?" ಎಂದು ಕೇಳಿದಳಂತೆ. ಇಲ್ಲ, ಡ್ರಮ್ ಬಾರಿಸ್ತೀನಿ ಎಂದನಂತೆ. ಎರಡನೆಯ ಸಲ ನನ್ನನ್ನೂ ತರಲು ಹೇಳಿದಳು. ಮೇಜಿನ ಮೇಲೆ ನನ್ನನ್ನು ಮಲಗಿಸಿ, ಚರ್ಮ ಬಿಚ್ಚಿಸಿ, ಒಳಗಿನ ಬಿಳಿಯನ್ನು ಒದ್ದೆ ಹತ್ತಿಯಿಂದ ಒರೆಸಿ ಒಂದು ಶೀಶೆಯ ದ್ರಾವಣದಲ್ಲಿ ಅದ್ದಿದಳು, ಹತ್ತಿ ಕೆಂಪಾಯಿತು. ರಕ್ತದ ವರದಿ ಮೊದಲೇ ಬಂದಿತ್ತು.

"ಇದರಲ್ಲಿ ಸೀಸ ಇದೆ. ಅದೇ ನಿಮ್ಮ ರಕ್ತದಲ್ಲೂ ಇದೆ. ಕೈ ಎತ್ತುವ ನರಕ್ಕೆ ಪೆಟ್ಟಾಗಿದೆ."

"ಮತ್ತ ಯಾವಾಗ ಬಾರಸಬಹುದು, ಡಾಕ್ಟರ ಬಾಯಾರ?"

ಅವಳು ಶೀಶೆಯ ಮುಚ್ಚಳ ಬಿಗಿದಳು. "ಸ್ವಲ್ಪ ಸುಧಾರಿಸಬಹುದು. ಊಟಕ್ಕೆ, ಗುಂಡಿ ಹಾಕಿಕೊಳ್ಳೋಕೆ ಬರುತ್ತೆ. ಮೊದಲಿನ ಹಾಗೆ ಅಂತ ನಾನು ಹೇಳೋಕಾಗಲ್ಲ."

"ಗುಂಡಿ" ಎಂದ ಹುಲಿಗೆಪ್ಪ.

ಫಕೀರವ್ವನ ರಕ್ತದಲ್ಲೂ ಸೀಸ ಸಿಕ್ಕಿತು, ಅವನಷ್ಟಲ್ಲ. ಆಕೆ ಗೋಡೆ, ನೆಲ, ತೊಲೆಯನ್ನೆಲ್ಲ ಒದ್ದೆ ಅರಿವೆಯಿಂದ ಮೂರು ಸಲ ಒರೆಸಿದಳು. ಹಿತ್ತಲಿನ ಮೇಲ್ಮಣ್ಣನ್ನು ಅಗೆದು ತೆಗೆಸಿದಳು. ಮಾಸ್ತರ ಬಂದು ಅಂಗಳದಲ್ಲಿ ನಿಂತ. ನೆಲ ನೋಡುತ್ತ ಕೇಳಿದ, "ಡ್ರಮ್ಮು... ಹುಬ್ಬಳ್ಳಿಯ ಹುಡುಗಗ ಕೊಡ್ತೀಯೇನು?"

ಹುಲಿಗೆಪ್ಪ ಇಲ್ಲ ಎನ್ನಲಿಲ್ಲ. "ಒಳಗಿನ ಬಣ್ಣ ಮೊದಲ ಹೋಗಲಿ. ಮೌನೇಶಣ್ಣ ನೀರಾಗ ನೆನಸಿ ತಗೀಲಿ. ಆ ಹುಡುಗಗೂ ಇನ್ನ ವಯಸ್ಸೈತಿ" ಎಂದ. ಮೌನೇಶಪ್ಪ ಮೂಗು-ಬಾಯಿಗೆ ಅರಿವೆ ಕಟ್ಟಿಕೊಂಡು, ನೀರು ಹನಿಸುತ್ತ, ಕೆಸರಿನಂತೆ ಬಂದ ಬಣ್ಣವನ್ನೆಲ್ಲ ಡಬ್ಬಿಯಲ್ಲಿ ತುಂಬಿ ಮುಚ್ಚಿದ. ನಾಲ್ಕು ದಿನದ ಕೆಲಸ. ನೆರಳಲ್ಲಿ ಒಣಗಿದ ಮೇಲೆ ನನಗೆ ಯಾವ ಕೆಡುಕೂ ಆಗಿರಲಿಲ್ಲ. ಹುಲಿಗೆಪ್ಪ ನನ್ನನ್ನು ಎಡಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ನೀರು ತಾಗಿದ್ದಕ್ಕೆ ಎಲ್ಲಾದರೂ ಒಂದು ಸೀಳು, ಒಂದು ಸೊಟ್ಟು ಸಿಗಲಿ ಎಂದು ಹುಡುಕುತ್ತಿದ್ದ ಅಂತ ನನಗೆ ಅನಿಸಿತು. ಸಿಗಲಿಲ್ಲ.

ಆಮೇಲೆ ನಾಲ್ಕು ವರ್ಷ ನಾನು ಮುಂದಿನ ಸಾಲಿನ ಬಲತುದಿಯಲ್ಲಿದ್ದೆ, ಬೇರೆಯವನ ಭುಜದ ಪಟ್ಟಿಯಲ್ಲಿ. ಮಾಸ್ತರ ಹುಲಿಗೆಪ್ಪನಿಗೆ ದೀಪ ಹೊರುವ ಕೆಲಸ ಕೊಟ್ಟಿದ್ದ. ಸಂಜೆಯ ಮೆರವಣಿಗೆಗಳಲ್ಲಿ ಟ್ಯೂಬ್‌ಲೈಟಿನ ಚೌಕಟ್ಟನ್ನು ಭುಜದ ಮೇಲಿಟ್ಟು ನನ್ನ ಪಕ್ಕದಲ್ಲೇ ನಡೆಯುತ್ತಿದ್ದ. ಭುಜಕ್ಕೆ ಮಣಿಕಟ್ಟು ಬೇಕಿಲ್ಲವಲ್ಲ. ಆ ಹುಡುಗ ಚೆನ್ನಾಗಿಯೇ ಬಾರಿಸುತ್ತಿದ್ದ, ಆದರೆ ಉರುಳಿನಲ್ಲಿ ಅವಸರ. ಹುಲಿಗೆಪ್ಪ ಒಂದು ಸಲವೂ ತಿದ್ದಲಿಲ್ಲ. ಅವನ ಗಂಟಲಮಣಿ ಮಾತ್ರ ಸರಿಯಾದ ಲಯಕ್ಕೆ ಮೇಲೆ ಕೆಳಗೆ ಆಡುತ್ತಿತ್ತು.

ಕೊನೆಗೆ ಹುಲಿಗೆಪ್ಪನ ಮೂತ್ರಪಿಂಡಗಳು ಕೈಕೊಟ್ಟವು. ಅವನು ಹೋದ ಹನ್ನೊಂದನೆಯ ದಿನ ಮಾಸ್ತರ ನನ್ನನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದ. ಫಕೀರವ್ವ ಹೊಸ್ತಿಲಲ್ಲಿ ಅಡ್ಡ ನಿಂತಳು.

"ಒಳಗ ಬ್ಯಾಡ, ಮಾಸ್ತರ."

"ಇದರಾಗ ಈಗ ಏನೂ ಇಲ್ಲವಾ, ಫಕೀರವ್ವ. ಮೌನೇಶ ಎಲ್ಲಾ ತಗದಾನ."

"ಗೊತ್ತೈತಿ. ಇದರದ ಏನ್ ತಪ್ಪು? ಆದ್ರ ಕೈ ಇದ್ದಾಗ ಅವರು ಮೂರು ತಿಂಗಳು ಇದರ ಕೂಡನ ಕುಂತ್ರು. ನನ್ನ ಕೂಡ ಕುಂದರಲಿಲ್ಲ."

ಮಾಸ್ತರ ಸೈಕಲ್ಲಿನ ಹಗ್ಗ ಬಿಚ್ಚಿದ. ನನ್ನನ್ನು ಬಚ್ಚಲ ಪಕ್ಕದ ಕಟ್ಟಿಗೆಯ ಒಟ್ಟಿಲಿನ ಮೇಲೆ ಇಟ್ಟು ಹೋದ.

ಈಗಲೂ ಅಲ್ಲೇ ಇದ್ದೇನೆ. ಮರಕ್ಕೆ ಒಂದೂ ಹುಳು ಬಿದ್ದಿಲ್ಲ, ಚರ್ಮ ಇನ್ನೂ ಬಿಗಿಯಾಗಿದೆ. ನನ್ನ ದನಿ ನನಗೆ ವಾಪಸು ಸಿಕ್ಕಿತು. ಅದನ್ನು ಕೇಳಲೆಂದು ದುಡಿದವನು ತನ್ನ ಕೈಯಿಂದ ಅದನ್ನು ಕೇಳಿದ್ದು ಅಂಗಳದಲ್ಲಿ ಒಂದು ಬೆಳಗ್ಗೆ, ಮತ್ತೆ ಮೆರವಣಿಗೆಯಲ್ಲಿ ಹತ್ತು ಹೆಜ್ಜೆ. ಇದಕ್ಕೆ ಯಾರನ್ನು ದೂರಬೇಕು ಎಂದು ಬಹಳ ಯೋಚಿಸಿದ್ದೇನೆ. ಭಕ್ತಿಯಿಂದ ಬಳಿದ ಯಮನಪ್ಪನನ್ನೋ, ಜೋಪಾನದಿಂದ ಕೆರೆದ ಹುಲಿಗೆಪ್ಪನನ್ನೋ? ಇಬ್ಬರೂ ನನಗೆ ಒಳ್ಳೆಯದನ್ನೇ ಬಯಸಿದರು. ಸೀಸಕ್ಕೆ ಅದು ತಿಳಿಯುವುದಿಲ್ಲ.

ಕಟ್ಟಿಗೆ ಎಳೆಯುವಾಗ ಒಮ್ಮೊಮ್ಮೆ ಫಕೀರವ್ವನ ಕೈ ನನ್ನ ಚರ್ಮಕ್ಕೆ ತಾಗುತ್ತದೆ. ಬೇಡವೆಂದರೂ ನಾನು ದನಿ ಮಾಡುತ್ತೇನೆ. ಅವಳು ಅಂಗೈ ಒತ್ತಿ ಹಿಡಿಯುತ್ತಾಳೆ, ಸದ್ದು ಪೂರ್ತಿ ನಿಲ್ಲುವ ತನಕ. ಆಮೇಲೆ ಕಟ್ಟಿಗೆ ತೆಗೆದುಕೊಂಡು ಒಳಗೆ ಹೋಗುತ್ತಾಳೆ.